ಒಂಟಿ ಹುಟ್ಟು ಮಾಡದ ತುಳಜಾರಾಮ

ನಮ್ಮ ಹುಮನಾಬಾದದಾಗ ದೋಣಿ ಹುಟ್ಟು ಮಾಡೋ ಬಡಿಗ ಒಬ್ಬ ಇದ್ದ ಅಂದ್ರ ಮಂದಿ ನಗ್ತಾರ. "ಕಸ್ತೂರಕ್ಕ, ಈ ತೊಗರಿ ಹೊಲದಾಗ ಹುಟ್ಟು ಹಾಕಾಕ ನೀರೆಲ್ಲಿ ಅದ?" ಅಂತಾರ. ನಗ್ರಿ, ನಗ್ರಿ, ನಿಮ್ಮ ಹಲ್ಲು, ನೀವು ನಗ್ರಿ. ಕಾರಂಜಾ ಡ್ಯಾಮ್ ಕಟ್ಟಿದ ಮ್ಯಾಲ ಹಿನ್ನೀರು ಎಲ್ಲೀತನ ಬಂದದ ಅಂತ ಹೋಗಿ ನೋಡೀರೇನು? ಮನಿ ಈ ಕಡಿ, ಹೊಲ ಆ ಕಡಿ ಉಳಿದೋರು ಎಷ್ಟೋ ಮಂದಿ. ಬಾರಕೋಲು ಹಿಡಿದ ಕೈ ಹುಟ್ಟು ಹಿಡಿಯೋದು ಕಲೀಬೇಕಾತು. ಅವರಿಗೆಲ್ಲ ಹುಟ್ಟು ಮಾಡಿಕೊಟ್ಟಾಂವ ತುಳಜಾರಾಮ.

ಅವನ ತಗಡಿನ ಶೆಡ್ಡು ನಮ್ಮ ಹಿಟ್ಟಿನ ಗಿರಣಿ ಗೋಡಿಗಿ ಹತ್ತಿ ಇತ್ತು. ಗಿರಣಿ ನಡಸೋಕಿ ನಾ. ಗಲ್ಲಾದ ಮುಂದ ಕುಂತು ತೂಕಡಸೋರು ನಮ್ಮ ಯಜಮಾನ್ರು ವೈಜನಾಥ. ನಮ್ಮ ಕಡಿ ಹಿಟ್ಟಿನ ಧೂಳು, ಅವನ ಕಡಿ ಕಟ್ಟಿಗಿ ಧೂಳು. ಎರಡೂ ಕೂಡಿ ನನ್ನ ಮೂಗಿನ್ಯಾಗ. ಎಷ್ಟು ಬೈದೀನೋ ಅವಗ. ಒಂದು ದಿನ ತಿರುಗಿ ಮಾತಾಡಲಿಲ್ಲ. ಬೈಸ್ಕೊಂಡು ಒಂದು ಗೋಣಿಚೀಲ ತಂದು ನಡುವ ಕಟ್ಟಿದ, ಅಷ್ಟ.

ಅವ ಹುಲಸೂರ ಕಡಿಯವ. ಮಾಂಜರಾ ನದಿ ದಂಡಿ ಮ್ಯಾಲ ಅವರ ಊರು. ಪಾಂಚಾಳರ ಮನಿ. ಅವರಪ್ಪ ಹೊಳಿ ದಾಟಸೋ ದೋಣಿಗಿ ಹುಟ್ಟು, ಹುಟ್ಟು ಸಿಗಸೋ ಗೂಟ, ಕುಂದ್ರೋ ಅಡ್ಡಹಲಗಿ ಮಾಡ್ತಿದ್ದ. ತುಳಜಾರಾಮ ಇನ್ನೂ ಮೊಲಿ ಬಿಟ್ಟಿರಲಿಲ್ಲ, ತಾಯಿ ಹೋದಳು. ಅಕ್ಕ ಇಲ್ಲ, ತಂಗಿ ಇಲ್ಲ, ಅತ್ತಿ ಇಲ್ಲ. ಅಪ್ಪ, ಮಗ, ಕಟ್ಟಿಗಿ ಚಕ್ಕಿ. ಆ ಮನ್ಯಾಗ ಒಂದು ಬಳಿ ಸಪ್ಪಳ ಕೇಳಿದ್ದು ಅವಗ ಯಾದೇ ಇಲ್ಲ. ಮುಂದ ಹೊಳಿಗಿ ಬ್ರಿಡ್ಜ್ ಆತು, ದೋಣಿ ನಿಂತ್ವು. ಅಪ್ಪ ಹಾಸಗಿ ಹಿಡದ. ಹಾಸಗಿ ಹಿಡದ ಅಪ್ಪನ ಉಚ್ಚಿ-ಹೇಲು ಬಳಕೋತ ಮದಿವಿ ವಯಸ್ಸು ಹೋತು. ಹೆಣ್ಣು ಕೊಡ್ತೀವಂತ ಬಂದೋರು ಆ ಮನಿ ವಾಸನಿಗೇ ಹೊಳ್ಳಿ ಹೋದ್ರಂತ. ಅಪ್ಪ ತೀರಿದ ಮ್ಯಾಲ ಉಳಿ-ಬಾಚಿ ಗಂಟು ಕಟ್ಕೊಂಡು ಹುಮನಾಬಾದಕ್ಕ ಬಂದ.

ಹೊಟ್ಟಿಗಿ ಬಾಗಲ ಚೌಕಟ್ಟು ಮಾಡ್ತಿದ್ದ, ಹಗ್ಗ ಹೆಣೆಯೋ ಮಂಚ, ಹೋರಸು ಮಾಡ್ತಿದ್ದ. ಮನಸಿಗಿ ಮಾತ್ರ ಹುಟ್ಟು. ಹಿನ್ನೀರಿನ ಮಂದಿ ಬಂದು "ಹುಟ್ಟು ಬೇಕಾಗ್ಯಾವ ತುಳಜಾರಾಮ" ಅಂದ್ರ ಸಾಕು, ಅರ್ಧ ಮಾಡಿದ ಹೋರಸು ಕಾಲು ಮ್ಯಾಲ ಮಾಡಿ ಬಿದ್ದಿರ್ತಿತ್ತು. ಆ ಹೋರಸಿನವ ಬಂದು ನನ್ನ ಮುಂದ ತಕರಾರು ಮಾಡೋದು. ನಾನೇನು ಅವನ ಮ್ಯಾನೇಜರೇನು?

ಅವ ಹುಟ್ಟು ಮಾಡೋದು ನೋಡಬೇಕಿತ್ರಿ ನೀವು. ಹುಟ್ಟು ಹಾಕೋ ಮನಷ್ಯಾನ್ನ ಬಾಗಲಿಗಿ ಆನಿಸಿ ನಿಂದ್ರಸ್ತಿದ್ದ, ಹಿಮ್ಮಡದಿಂದ ಬಗಲ ತನಕ ಹಗ್ಗ ಹಿಡದು ಅಳತಿ ತಗೋತಿದ್ದ. ಆಮ್ಯಾಲ ಸಾಗವಾನಿ ದಿಮ್ಮಿ ನಡುವ ಸೀಳ್ತಿದ್ದ. ಒಂದು ಹೋಳು ಬಲಗೈದು, ಒಂದು ಹೋಳು ಎಡಗೈದು. ಬ್ಯಾರೆ ಬ್ಯಾರೆ ದಿಮ್ಮೀದು ನಡೆಯಂಗಿಲ್ಲ ಅಂತಿದ್ದ. ಒಂದು ನೀರು ಜಾಸ್ತಿ ಕುಡೀತದ, ಇನ್ನೊಂದು ಕಡಿಮಿ ಕುಡೀತದ, ದೋಣಿ ಸೀದಾ ಹೋಗೋ ಬದಲಿ ಗಿರಕಿ ಹೊಡೀತದ. ಬಾಚಿಲೆ ಕೆತ್ತಿ, ರಂದಾ ಹೊಡದು, ಗಾಜಿನ ಚೂರಿಲೆ ಕೆರದು, ಅಗಸಿ ಎಣ್ಣಿ ಕುಡಿಸಿ, ಕಡೀಗಿ ನಮ್ಮ ದನ ನೀರು ಕುಡಿಯೋ ದ್ವಾಣ್ಯಾಗ ಎರಡೂ ತೇಲಿ ಬಿಡ್ತಿದ್ದ. ಎರಡೂ ಒಂದೇ ಸಮ ಮುಳಗಬೇಕು, ಒಂದೇ ಸಮ ಏಳಬೇಕು. ಒಂದು ಕೂದಲೆಳಿ ಫರಕ ಬಂದ್ರೂ ಮತ್ತ ರಂದಾ. ನಮ್ಮ ಎಮ್ಮಿ ಪಾಪ ನೀರು ಕುಡಿಯಾಕ ಅವ ಮುಗಸೋತನ ಕಾಯ್ತಿತ್ತು.

ಅವಂದು ಒಂದು ಜಿದ್ದಿತ್ತು. ಒಂಟಿ ಹುಟ್ಟು ಮಾಡ್ತಿರಲಿಲ್ಲ. ಒಂದು ಮುರೀತಂತ ಯಾರರೆ ಬಂದ್ರ, ಉಳದದ್ದೂ ಇಸಕೊಂಡು ಇಟ್ಟುಗೊಂಡು ಹೊಸಾ ಜೋಡಿ ಮಾಡಿ ಕೊಡ್ತಿದ್ದ. ಅವರಪ್ಪ ಹಂಗ ಹೇಳಿದ್ನಂತ. ಜೋಡಿ ಒಡೀತು ಅಂದ್ರ ಆ ಕೆಲಸ ಅಲ್ಲಿಗಿ ಮುಗೀತು, ಅದಕ್ಕ ತ್ಯಾಪಿ ಹಚ್ಚಬಾರ್ದು. ಹಿಂಗಾಗಿ ಶೆಡ್ಡಿನ ಮೂಲ್ಯಾಗ ಒಂಟಿ ಹುಟ್ಟು ಒಟ್ಟಿ ಬಿದ್ದಿದ್ವು. ಒಲಿಗಿ ಹಾಕು ಅಂದ್ರ ಹಾಕವಲ್ಲ, ಮಾರು ಅಂದ್ರ ಮಾರವಲ್ಲ.

ಮಂದಿ ಬಿಡ್ತಾರೇನು? "ತುಳಜಾ, ಕಟ್ಟಿಗಿಗಿ ಜೋಡಿ ಹುಡುಕ್ತಿ, ನಿನ್ನ ಜೋಡಿ ಎಲ್ಲದನೋ?" ಅಂತ ಬೀಸಾಕ ಬಂದ ಹೆಂಗಸರೆಲ್ಲ ಕಾಡಸೋರು. "ಊರಿಗೆಲ್ಲ ಹುಟ್ಟು ಮಾಡಿಕೊಡ್ತಿ, ನಿನ್ನ ಮನ್ಯಾಗ ಒಂದು ಹುಟ್ಟು ಆಗವಲ್ದು" ಅಂತ ಒಬ್ಬಾಕಿ ಅಂದಳು. ಎಲ್ಲಾರೂ ನಕ್ಕೀವಿ. ಅವನೂ ನಕ್ಕ. ನಕ್ಕು ರಂದಾ ಜೋರು ಮಾಡಿದ, ಮುಂದಿನ ಮಾತು ಕೇಳಸಬಾರ್ದಂತ.

ಒಂಟಿತನ ಅಂದ್ರ ಏನಂತ ನಾ ಅವನ್ನ ನೋಡಿ ತಿಳ್ಕೊಂಡೀನ್ರಿ. ಸಂಜಿಗಿ ಅವ ಒಂದು ಬಟ್ಟಲದಾಗ ಬ್ಯಾಳಿ ತಂದು ನಮ್ಮ ಕಟ್ಟಿ ಮ್ಯಾಲ ಇಡ್ತಿದ್ದ. "ಒಬ್ಬಂವಗ ಎಷ್ಟು ಬ್ಯಾಳಿ ಹಾಕಬೇಕಂತ ನನಗ ಇನ್ನೂ ತಿಳೀವಲ್ದಕ್ಕ, ಉಳೀತು" ಅಂತಿದ್ದ. ಬರೇ ಸುಳ್ಳು. ಬ್ಯಾಳಿ ನೆಪ ಅವಗ. ಬಟ್ಟಲ ಖಾಲಿ ಆಗೋತನ ಕಟ್ಟಿ ಮ್ಯಾಲ ಕುಂದರಬಹುದಲ್ಲ, ನಮ್ಮ ಮನ್ಯಾಗಿನ ಜಗಳ, ನಗಿ, ಕುಕ್ಕರ್ ಸೀಟಿ ಕೇಳಬಹುದಲ್ಲ. ನಾ ಬೇಕಂತ ತಡಾ ಮಾಡಿ ಬಟ್ಟಲ ತೊಳೀತಿದ್ದೆ. ದೀಪಾವಳ್ಯಾಗ ಊಟಕ್ಕ ಕರದ್ರ ಬರ್ತಿರಲಿಲ್ಲ, ಬಸ್ ಸ್ಟ್ಯಾಂಡಿನ್ಯಾಗ ಹೋಗಿ ಕುಂದರ್ತಿದ್ದ. ಮಂದಿ ಗಂಟು-ಗದಡಿ ಹಿಡ್ಕೊಂಡು ಊರಿಗಿ ಇಳಿಯೋದು ನೋಡ್ಕೋತ.

ತೊಂಬತ್ತಾರೋ ತೊಂಬತ್ತೇಳೋ ಇರಬೇಕು, ಗಿರಿಜಾಬಾಯಿ ಬಂದಳು.

ಆಕಿ ದುಬಲಗುಂಡಿ ಕಡಿಯಾಕಿ, ಬುದ್ಧ ವಿಹಾರದ ಓಣಿಯಾಕಿ. ಗಂಡ ಜ್ವರ ಬಂದು ತೀರಿಕೊಂಡ ಮ್ಯಾಲ ಅಣ್ಣ ಲಾಲಪ್ಪನ ಮನಿ ಬಾಜೂಕ ಒಂದು ಖೋಲಿ ಕಟ್ಕೊಂಡಿದ್ದಳು. ಮಕ್ಕಳಿಲ್ಲ. ಸುಗ್ಗ್ಯಾಗ ಕೂಲಿ, ಉಳದ ದಿನ ಹಿನ್ನೀರಿನ್ಯಾಗ ಮೀನು. ದುಂಡಗಿನ ಬಿದರಿನ ಪುಟ್ಟಿ ಇತ್ತು ಆಕೀದು, ಬುಟ್ಟಿಗಿ ತಾಡಪಾಲ ಹೊಲದು ಡಾಂಬರ ಬಳದದ್ದು. ಸಂತಿ ದಿನ ಮೀನು ಮಾರಿ, ಜ್ವಾಳ ಬೀಸ್ಕೊಂಡು ಹೋಗಾಕ ನಮ್ಮ ಗಿರಣಿಗಿ ಬರ್ತಿದ್ದಳು. ಬಾಯಿ ಅಂದ್ರ ಬಾಯಿ ಆಕೀದು. ನನಗಿಂತ ಒಂದು ಕೈ ಮ್ಯಾಲ. ಅದಕ್ಕ ನನಗ ಪಸಂದ ಆದಳು.

ಒಂದು ದಿನ ಶೆಡ್ಡಿನ ಮುಂದ ನಿಂತು ಕೇಳಿದಳು, "ಒಂದು ಹುಟ್ಟು ಬೇಕ್ರಿ."

"ಒಂದು ಮಾಡಂಗಿಲ್ಲ. ಜೋಡಿ ಆದ್ರ ಮಾಡ್ತೀನಿ" ಅಂದ ತುಳಜಾರಾಮ, ತಲಿ ಸುದ್ದಾ ಎತ್ತದ.

"ನಂದು ಪುಟ್ಟಿ ಅದರಿ. ಪುಟ್ಟಿಗಿ ಒಂದ ಹುಟ್ಟು. ಎರಡು ಹಾಕಿದ್ರ ನಾ ನೀರಾಗ ಬುಗರಿ ತಿರುಗಿದಂಗ ತಿರಗಲೇನು?"

ಅವ ತಲಿ ಎತ್ತಿ ನೋಡಿದ. ನೋಡಿದ್ದು ನಾ ನೋಡಿದೆ. ಎದ್ದು ಮೂಲಿಗಿ ಹೋಗಿ ಆ ಒಂಟಿ ಹುಟ್ಟಿನ ಒಟ್ಟಲದಾಗಿಂದ ಒಂದು ತಗದು ಕೊಟ್ಟ. "ಇದು ಮಾರೋದಲ್ಲ. ಒಯ್ಯಿರಿ. ಸರಿ ಆಗಲಿಲ್ಲಂದ್ರ ತರ್ರಿ" ಅಂದ. ನಮ್ಮ ಯಜಮಾನ್ರು ತೂಕಡಿಕಿ ಬಿಟ್ಟು ಕಣ್ಣು ತಗದ್ರು. ಅಷ್ಟು ವರ್ಷದಾಗ ಆ ಒಟ್ಟಲ ಮುಟ್ಟಿದ್ದು ಯಾರೂ ನೋಡಿರಲಿಲ್ಲ.

ಸರಿ ಆಗಲಿಲ್ಲ ನೋಡ್ರಿ ಅದು! ಮುಂದಿನ ಸಂತಿಗಿ ಬಂದಳು, ಉದ್ದ ಆತು ಅಂದಳು. ಕೊರದು ಕೊಟ್ಟ. ಮತ್ತೊಂದು ಸಂತಿಗಿ ಬಂದಳು, ಹಿಡಿ ದಪ್ಪ ಆತು ಅಂದಳು. ಕೆರದು ಕೊಟ್ಟ. ಅಗಲ ಜಾಸ್ತಿ ಆತು, ತುದಿ ಭಾರ ಆತು, ಎಣ್ಣಿ ವಾಸನಿ ಬರ್ತದ. ಆ ಹುಟ್ಟು ಕೆರದು ಕೆರದು ಜ್ವಾಳದ ದಂಟು ಆಗ್ತದ ಅಂತ ನಾ ಅನ್ಕೊಂಡೆ. ಆಕಿ ಕಟ್ಟಿ ಮ್ಯಾಲ ಕುಂತು ಬೈಯೋಕಿ, ಅವ ರಂದಾ ಹೊಡ್ಯಾಂವ. ನಡುವ ಅವನೂ ಒಂದೊಂದು ಮಾತು ಕಲತ. ಅಪ್ಪನ ಸುದ್ದಿ ಹೇಳಿದ, ಮಾಂಜರಾ ಹೊಳಿ ಸುದ್ದಿ ಹೇಳಿದ, ಜೋಡಿ ಅಂದ್ರ ಏನು, ಯಾಕ ಒಂದೇ ದಿಮ್ಮೀದು ಆಗಬೇಕು ಅಂತ ಹೇಳಿದ. ಆಕಿ ಗಲ್ಲಕ್ಕ ಕೈ ಕೊಟ್ಟು ಕೇಳ್ತಿದ್ದಳು. ಸಂತಿ ದಿನ ಅವ ಇಸ್ತ್ರಿ ಅಂಗಿ ಹಾಕ್ಕೊಳ್ಳಾಕ ಸುರು ಮಾಡಿದ. ಸಂಜಿ ಬ್ಯಾಳಿ ಬಟ್ಟಲ ಬರೋದು ನಿಂತಿತ್ತು, ನೆಟ್ಟಗ ಒಬ್ಬಂವಗ ಆಗೋ ಅಷ್ಟ ಬ್ಯಾಳಿ ಹಾಕಾಕ ಬಂತೋ ಏನೋ.

ನನಗ ತಿಳೀತಿರಲಿಲ್ಲೇನು? ಒಂದು ದಿನ ಹಿಡದು ಕೇಳಿದೆ. "ಏ ತುಳಜಾರಾಮ, ಆಕಿನ್ನ ಮಾಡ್ಕೋತಿಯೇನು?"

ಅವ ಕೈಯಾಗಿನ ಉಳಿ ಕೆಳಗಿಟ್ಟ. "ಆಕಿ ಹೂಂ ಅಂದ್ರ ಮಾಡ್ಕೋತೀನಕ್ಕ. ಒಲ್ಲೆ ಅಂದ್ರ ಇನ್ನ ಈ ಜನ್ಮದಾಗ ಯಾರಿಗೂ ಕೇಳಂಗಿಲ್ಲ" ಅಂದ.

"ಮಂದಿ ಜಾತಿ ಎತ್ತಿ ಮಾತಾಡ್ತಾರ, ಗೊತ್ತದಲ್ಲ?"

"ಮಂದಿ ನನಗ ಯಾವಾಗ ಒಂದು ರೊಟ್ಟಿ ಹಾಕ್ಯಾರ? ನನ್ನ ಭಯ ಮಂದೀದಲ್ಲ. ನಮ್ಮೋರು ಅವರಿಗಿ ಮಾಡಿದ್ದು ಆಕಿ ಹ್ಯಾಂಗ ಮರೀತಾಳ? ಅದು ಭಯ."

"ಹಂಗಾದ್ರ ಬಾಯಿ ಬಿಟ್ಟು ಕೇಳು."

"ಬಾಯಿ ನನಗ ಬರಂಗಿಲ್ಲಕ್ಕ" ಅಂದ. "ನಾ ಆಕಿಗಿ ಒಂದು ಜೋಡಿ ಹುಟ್ಟು ಮಾಡಿ ಕೊಡ್ತೀನಿ. ಪುಟ್ಟಿಯಾಕಿಗಿ ಜೋಡಿ ಯಾಕ ಕೊಟ್ಟಾಂವ ಅಂತ ಆಕಿಗಿ ತಿಳೀತದ. ಜೋಡಿ ಮಾತು ಆಕಿಗಿ ಎಲ್ಲಾ ಹೇಳೀನಿ."

ಹಣಿ ಹಣಿ ಬಡ್ಕೊಂಡೆ ನಾ. ಹೆಣ್ಣು ಕೇಳಾಕ ಕಟ್ಟಿಗಿ ಕೊಡೋ ಗಂಡಸನ್ನ ಎಲ್ಲಿ ನೋಡೀರ್ರಿ? ಬಾಯ್ಲೆ ಎರಡು ಮಾತು ಹೇಳೋ ಭಾಡ್ಯಾ ಅಂತ ಬೈದೆ. ಕೇಳಲಿಲ್ಲ. ಅವರಪ್ಪ ಇಟ್ಟಿದ್ದ ಹಳೀ ಸಾಗವಾನಿ ದಿಮ್ಮಿ ಊರಿಂದ ತರಿಸಿ ಸೀಳಿದ. ಅಂಥ ಹುಟ್ಟು ಅವ ಹಿಂದ ಮಾಡಿರಲಿಲ್ಲ. ದ್ವಾಣ್ಯಾಗ ಬಿಟ್ಟರ ಎರಡೂ ಮೈಗಿ ಮೈ ಹಚ್ಕೊಂಡು ನಿಂತ್ವು. ನನ್ನ ಕಣ್ಣಾಗ ನೀರು ಬಂತು. ಧೂಳು ಅಂತ ಹೇಳಿದೆ.

ಅಷ್ಟರಾಗ ನನ್ನ ಮಗಳು ವಿಜಯಶ್ರೀ ಬಾಣಂತನ ಬಂತು. ಉಮರ್ಗಾಕ್ಕ ಹೋದೆ. ಹೋಗೋ ಮುಂದ, "ಆಕಿ ಹೂಂ ಅಂದ್ಲಂತ ಸುದ್ದಿ ಕಳಸು, ಸೀರಿ ತರ್ತೀನಿ" ಅಂತ ಹೇಳಿದೆ. ಸುದ್ದಿ ಬರಲಿಲ್ಲ. ಕೂಸಿಗಿ ಹೆಸರಿಟ್ಟು ಹೊಳ್ಳಿ ಬಂದ್ರ ಶೆಡ್ಡಿನ್ಯಾಗ ತುಳಜಾರಾಮ ಗಂಟು ಕಟ್ಟಾಕತ್ತಿದ್ದ. ಮಾರಿ ಇಳದಿತ್ತು. ಗಡ್ಡ ಬಿಟ್ಟಿದ್ದ.

"ಏನಾತೋ?"

"ಒಲ್ಲೆ ಅಂದಳಕ್ಕ."

"ಏನಂದಳು?"

"ಒಲ್ಲೆ ಅಂದಳು, ಅಷ್ಟ. ನಾ ಕಲ್ಯಾಣಕ್ಕ ಹೋಗಾಕತ್ತೀನಿ. ಅಲ್ಲಿ ಶಂಶುದ್ದೀನ್ ಅಂತ ಫರ್ನಿಚರ್ ದುಕಾನದವ ಅದಾನ, ಕೆಲಸ ಕೊಡ್ತೀನಿ ಅಂದಾನ."

ಅವನ ಬಾಯಿಂದಲೇ ಬಂದ ಮಾತು. ನಾ ಯಾಕ ಅನುಮಾನ ಪಡ್ಲಿ? ಗಿರಿಜಾಬಾಯಿ ಮ್ಯಾಲ ಬಂತು ನೋಡ್ರಿ ನನಗ ಸಿಟ್ಟು. ಇಂಥ ಮನಷ್ಯಾ ಸಿಗ್ತಾನೇನು ಆಕಿಗಿ ಅಂತ ಗಿರಣಿ ಸಪ್ಪಳದಾಗ ಒಬ್ಬಾಕಿನೇ ಕುಂತು ಬೈದೆ. ಆಕಿ ಮತ್ತ ನಮ್ಮ ಗಿರಣಿಗಿ ಬರಲಿಲ್ಲ. ಬರಲಿ, ಮಾರಿ ಮ್ಯಾಲ ಹೇಳ್ತೀನಿ ಅಂತ ಕಾದು ಕಾದು ನನಗೂ ಸಾಕಾತು.

ತುಳಜಾರಾಮ ಬಸವಕಲ್ಯಾಣದಾಗ ಶಂಶುದ್ದೀನನ ದುಕಾನದಾಗ ಸೋಫಾಕ್ಕ ಕಾಲು ಕೂಡಸಿದ, ಮದಿವಿ ಮಂಚ ಮಾಡಿದ. ಯಾರ್ಯಾರದೋ ಮದಿವಿ ಮಂಚ. ಕೆರಿಗಿ ಸಣ್ಣ ದೋಣಿ ಬಿಡ್ತೀವಿ, ಹುಟ್ಟು ಮಾಡಿ ಕೊಡು ಅಂತ ಯಾರೋ ಕೇಳಿದ್ರಂತ, ಒಲ್ಲೆ ಅಂದ್ನಂತ. ದುಕಾನದ ಹಿಂದಿನ ಖೋಲ್ಯಾಗ ಇರ್ತಿದ್ದ. ನಾ ವರ್ಷಕ್ಕೊಮ್ಮೆ ಬಸವಣ್ಣನ ಗುಡಿಗಿ ಹೋದಾಗ ಕಂಡು ಬರ್ತಿದ್ದೆ. "ಆರಾಮ ಅದೀಯೇನೋ?" ಅಂದ್ರ "ಆರಾಮ ಅಕ್ಕ" ಅಂತಿದ್ದ. ಚಾ ತರಸ್ತಿದ್ದ. ಅವನ ಬಲ್ಲಿ ಹೇಳಾಕ ಏನೂ ಇರ್ತಿರಲಿಲ್ಲ. ಮಾತಾಡೋ ರೂಢಿ ಬಿಟ್ಟು ಹೋಗಿತ್ತು ಅವಗ.

ಹಿಂಗ ಏಳೆಂಟು ವರ್ಷ ಹೋದ್ವು.

ಒಮ್ಮೆ ದುಬಲಗುಂಡಿ ಬಸ್ಸಿನ್ಯಾಗ ಹೊಂಟಿದ್ದೆ, ಬೀಗರ ಮನಿ ಕಾರ್ಯಕ್ಕ. ಬಾಜೂಕ ಒಬ್ಬಾಕಿ ಬಂದು ಕುಂತಳು. ತಲಿ ಅರ್ಧಾ ಬೆಳ್ಳಗಾಗಿತ್ತು. ಗುರ್ತು ಹಿಡಿಯಾಕ ಹೊತ್ತಾತು. ಗಿರಿಜಾಬಾಯಿ. ಸಿಟ್ಟು ಎಲ್ಲಿ ಹೋಗಿತ್ತೋ ಏನೋ. ಆಕೀನೇ ಸುರು ಮಾಡಿದಳು.

"ಕಸ್ತೂರಬಾಯಿಯವ್ರಾ, ನಿಮ್ಮ ಬಡಿಗ್ರು ಹ್ಯಾಂಗ ಅದಾರ್ರಿ? ಮಕ್ಕಳು ಎಷ್ಟು ಅವ್ರಿಗಿ?"

"ಯಾರ ಮಕ್ಕಳು? ಅವ ಮದಿವಿನೇ ಆಗಿಲ್ಲ" ಅಂದೆ. "ನೀ ಒಲ್ಲೆ ಅಂದಿಯಲ್ಲ."

ಆಕಿ ನನ್ನ ಮಾರಿ ನೋಡಿದಳು. ಬಸ್ಸು ಕುಣೀತಿತ್ತು, ಇಬ್ಬರೂ ಮುಂದಿನ ಸೀಟಿನ ಕಂಬಿ ಹಿಡ್ಕೊಂಡಿದ್ದೀವಿ.

"ನಾ ಯಾವಾಗ ಒಲ್ಲೆ ಅಂದೆ?"

"ಅವ ಹೇಳಿದ."

"ನಾ ಹೂಂ ಅಂದೀನ್ರಿ" ಅಂದಳು. ದನಿ ಸಣ್ಣದಾಗಿತ್ತು. "ಎರಡು ಹುಟ್ಟು ತಂದು ನನ್ನ ಮುಂದ ಇಟ್ರು. ಮಾತಿಲ್ಲ ಕತಿಯಿಲ್ಲ. ನನಗ ತಿಳೀತು. ಒಂದು ನಾ ತಗೊಂಡೆ, ಒಂದು ಹೊಳ್ಳಿ ಅವರ ಕೈಯಾಗ ಇಟ್ಟೆ. ಉಡಿ ತುಂಬಿದಾಗ ಒಂದು ಹಿಡಿ ಹೊಳ್ಳಿ ಹಾಕಂಗಿಲ್ಲೇನ್ರಿ ನಾವು? ಹಂಗ. ಎರಡೂ ತಗೊಂಡು ಹೋಗಿದ್ರ ನಾ ಗಿರಾಕಿ ಆಗ್ತಿದ್ದೆ."

ಗಂಡಸರಿಗೂ ತಿಳೀಲಿ ಅಂತ ಹೇಳ್ತೀನಿ: ನಮ್ಮ ಕಡಿ ಹೆಂಗಸರು ಉಡಿ ತುಂಬಿಸ್ಕೊಂಡ್ರ ಎಲ್ಲಾ ಬಾಚ್ಕೊಂಡು ಹೋಗಂಗಿಲ್ಲ. ಒಂದು ಹಿಡಿ ಅಕ್ಕಿ, ತುಂಬಿದಾಕಿಗೇ ಹೊಳ್ಳಿ ಹಾಕ್ತೀವಿ. ನಿಮ್ಮ ಮನಿ ಋಣ ಹರಕೊಂಡು ಹೊಂಟಿಲ್ಲವಾ, ಮತ್ತ ಬರ್ತೀನಿ ಅಂತ ಅದರ ಅರ್ಥ. ತಾಯಿ ಸೆರಗು ಹಿಡದು ನಾಕು ಮನಿ ತಿರುಗಿದ ಯಾವ ಕೂಸಿಗೂ ಗೊತ್ತಿರ್ತದ ಅದು. ಆಕಿ ಗಂಡ ಸತ್ತ ಮ್ಯಾಲ ಆಕಿಗಿ ಉಡಿ ತುಂಬೋರು ಯಾರೂ ಇರಲಿಲ್ಲ. ಎಷ್ಟೋ ವರ್ಷದ ಮ್ಯಾಲ ಒಬ್ಬಂವ ಮುಂದ ಏನೋ ತಂದಿಟ್ಟ, ಆಕಿ ಹೆಂಗಸರ ರೀತ್ಯಾಗ ಹೂಂ ಅಂದಳು. ಅವಗೇನು ಗೊತ್ತು? ಜೋಡಿ ಒಡೀತು, ಮುಗೀತು ಅಂತ ಅಪ್ಪ ಕಲಿಸಿದ್ದೊಂದ ಗೊತ್ತು.

"ಮತ್ತ ಯಾಕ ಬರಲಿಲ್ಲ ನೀನು? ಬಂದು ಕೇಳಬಾರ್ದಿತ್ತೇನು?" ಅಂದೆ.

"ಹೂಂ ಅಂದ ಹೆಣ್ಣು ತಾನ ಹೋಗಿ ಬಾಗಲದಾಗ ನಿಂದರ್ತದೇನ್ರಿ? ಅವರು ಬರ್ತಾರಂತ ಕಾದೆ. ಅಣ್ಣಗೂ ಹೇಳಿದ್ದೆ, ಖೋಲಿಗಿ ಸುಣ್ಣ ಹಚ್ಚಿದ. ಆಮ್ಯಾಲ ಕಲ್ಯಾಣಕ್ಕ ಹೋದ್ರಂತ ಸುದ್ದಿ ಬಂತು. ಅವರ ಮಂದಿ ಬ್ಯಾಡಂದಿರಬೇಕು, ಕಡೀಗಿ ಜಾತಿನೇ ದೊಡ್ಡದಾತು ಅಂತ ತಿಳ್ಕೊಂಡೆ. ಭಾಳ ಅತ್ತೆ ನೋಡ್ರಿ. ಆಮ್ಯಾಲ ಅಳೂದು ಬಿಟ್ಟೆ."

ನಾ ಕಾರ್ಯಕ್ಕ ಹೋದೆನೋ ಇಲ್ಲೋ ಖಬರೇ ಇಲ್ಲ. ಮರುದಿನ ಮುಂಜಾನಿ ಕಲ್ಯಾಣದ ಬಸ್ ಹತ್ತಿದೆ. ಶಂಶುದ್ದೀನನ ದುಕಾನದಾಗ ತುಳಜಾರಾಮ ಮಂಚದ ತಲಿದಿಂಬಿನ ಹಲಗಿಗಿ ಹೂವು ಕೆತ್ತಾಕತ್ತಿದ್ದ. ನಿಂತ ಕಾಲ ಮ್ಯಾಲ ಎಲ್ಲಾ ಹೇಳಿದೆ. ಶಂಶುದ್ದೀನ್ ಭಾಯಿ, ಒಳ್ಳೆ ಮನಷ್ಯಾ, ಮಶೀನು ಬಂದ್ ಮಾಡಿ ಹೊರಗ ಹೋದ.

ತುಳಜಾರಾಮ ಹಲಗಿ ಮ್ಯಾಲಿನ ಚಕ್ಕಿ ಊದಿ ತಗದ. ಕೈಯಾಗ ಉಳಿ ಹಂಗ ಇತ್ತು.

"ಹೊಳ್ಳಿ ಕೊಟ್ರ ಹೂಂ ಅಂತನಾ?" ಅಂದ.

"ಹೌದೋ."

"ನನಗ ಯಾರು ಹೇಳಬೇಕಿತ್ತಕ್ಕ? ನಮ್ಮ ಮನ್ಯಾಗ ಹೆಂಗಸರೇ ಇರಲಿಲ್ಲಲ್ಲ" ಅಂದ. ಅಂದು ಹೋ ಅಂತ ಅತ್ತ. ಐವತ್ತು ದಾಟಿದ ಗಂಡಸು ಕೂಸಿನಂಗ ಅತ್ತ. ನಾನೂ ಅತ್ತೆ. ಇಬ್ಬರೂ ಆ ಯಾರದೋ ಮದಿವಿ ಮಂಚದ ಮ್ಯಾಲ ಕುಂತು ಅತ್ತೀವಿ. ಆಮ್ಯಾಲ ನಾ ಮೂಗು ಒರಸ್ಕೊಂಡು ಹೇಳಿದೆ, "ಏಳು. ಆಕಿ ಇನ್ನೂ ಒಬ್ಬಾಕಿನೇ ಅದಾಳ. ನೀನೂ ಒಬ್ಬಂವನೇ ಅದೀ. ಕೈಯಾಗ ಏನೂ ಹಿಡೀಬ್ಯಾಡ. ಬರೇ ಬಾಯಿ ತಗೊಂಡು ನಡಿ. ಈ ಸಲ ಬಾಯ್ಲೆ ಕೇಳಬೇಕು ನೀ."

ಅವ ಗಡ್ಡಾ ಮಾಡಿಸ್ಕೊಂಡ. ಶಂಶುದ್ದೀನ್ ತನ್ನ ಹೊಸಾ ಅಂಗಿ ಕೊಟ್ಟ. ಅದು ಅವಗ ಹೆಗಲಮ್ಯಾಲ ದೊಗಳಿ ಆತು. ದುಬಲಗುಂಡಿ ಮುಟ್ಟೋತನ ಅವ ತುಟಿ ಅಲಗಸ್ತಿದ್ದ. ಪರೀಕ್ಷಾಕ್ಕ ಹೊಂಟೋರಂಗ ಮಾತು ಬಾಯಿಪಾಠ ಮಾಡಾಕತ್ತಾನ ಅಂತ ನನಗ ನಗಿನೂ ಬಂತು. ಖರೇ ಹೇಳ್ತೀನಿ, ನಾ ಆವತ್ತು ಬ್ಯಾಗಿನ್ಯಾಗ ಸೀರಿ ಇಟ್ಟುಗೊಂಡಿದ್ದೆ. ಹಸರ ಇಳಕಲ್ ಸೀರಿ.

ಗಿರಿಜಾಬಾಯಿ ಖೋಲಿ ಮುಂದ ಬಲಿ ಹೊಲ್ಕೋತ ಕುಂತಿದ್ದಳು. ನಮ್ಮನ್ನ ನೋಡಿ ಎದ್ದಳು. ಸೆರಗು ಸರಿ ಮಾಡ್ಕೊಂಡಳು. "ಬರ್ರಿ" ಅಂದಳು. ಚಾಪಿ ಹಾಸಿದಳು, ನೀರು ಕೊಟ್ಟಳು. ಒಳಗ ಒಬ್ಬರೇ ಮಲಗೋ ಅಷ್ಟು ಹಾಸಗಿ ಮಡಚಿಟ್ಟಿತ್ತು, ಗೋಡಿ ಮ್ಯಾಲ ಬಾಬಾಸಾಹೇಬರ ಫೋಟೋ, ಒಂದು ತಾಟು, ಒಂದು ಬಟ್ಟಲ. ಎಲ್ಲಾ ಒರಸಿ ಜ್ವಾಕಿಲೆ ಇಟ್ಟಿದ್ದಳು. ತುಳಜಾರಾಮ ನೀರಿನ ಚರಿಗಿ ಎರಡೂ ಕೈಲೆ ಹಿಡ್ಕೊಂಡು ಕುಂತ. ನಾ ಮೊಣಕೈಲೆ ತಿವದೆ.

"ಗಿರಿಜಾಬಾಯಿ" ಅಂದ. ಚರಿಗಿ ಕೆಳಗಿಟ್ಟ. "ನನಗ ಆವತ್ತು ತಿಳೀಲಿಲ್ಲ. ನೀವು ಒಲ್ಲೆ ಅಂದ್ರಿ ಅಂತ ತಿಳ್ಕೊಂಡು ಹೋದೆ. ಜಾತಿ ಅಲ್ಲ, ಮಂದಿ ಅಲ್ಲ, ಏನೂ ಅಲ್ಲ. ನನ್ನ ಜೋಡಿ ಇರ್ತೀರೇನು? ಇದ್ದಷ್ಟು ದಿನ."

ಅಷ್ಟು ಉದ್ದ ಮಾತು ಅವ ಜನ್ಮದಾಗ ಆಡಿರಲಿಲ್ಲ. ಸೀರಿ ಮ್ಯಾಲ ಕೈ ಇಟ್ಟೆ.

ಗಿರಿಜಾಬಾಯಿ ತಲಿ ತಗ್ಗಿಸಿ ಬಲಿ ಗಂಟು ಒಂದು ಬಿಚ್ಚಿದಳು, ಮತ್ತ ಕಟ್ಟಿದಳು. ಆಮ್ಯಾಲ ತಲಿ ಎತ್ತಿ ಅವನ ಮಾರಿನೇ ನೋಡಿ ಮಾತಾಡಿದಳು. ಸಿಟ್ಟಿರಲಿಲ್ಲ ಆಕಿ ದನ್ಯಾಗ. ಸಿಟ್ಟಿದ್ದಿದ್ರ ನಾ ಜಗಳಾ ಮಾಡಿ ಗೆಲ್ತಿದ್ದೆ.

"ನೀವು ಬಂದಿದ್ದು ಚಲೋ ಆತ್ರಿ. ಮನಸಿನ್ಯಾಗ ಒಂದು ಮುಳ್ಳಿತ್ತು, ಅದು ಹೋತು. ಆದ್ರ ನನ್ನ ಬಲ್ಲಿ ಈಗ ಆಗಂಗಿಲ್ಲ. ಮೊದಮೊದಲ ಒಬ್ಬಾಕಿನೇ ಉಣ್ಣೋದು ಒಬ್ಬಾಕಿನೇ ಮಲಗೋದು ಅಂದ್ರ ಜೀವ ಹೋಗ್ತಿತ್ತು. ಬರ್ತೀರಂತ ಎದ್ದೆದ್ದು ಬಾಗಲ ನೋಡ್ತಿದ್ದೆ. ಆಮ್ಯಾಲ ಒಂಟಿ ಇರೋದು ಕಲತೆ. ಭಾಳ ಕಷ್ಟಪಟ್ಟು ಕಲತೀನ್ರಿ. ಈಗ ಮತ್ತೊಬ್ಬರ ದಾರಿ ನೋಡಾಕ ನನಗ ಧೈರ್ಯ ಇಲ್ಲ. ಒಮ್ಮೆ ನೋಡಿದ್ದು ಸಾಕು. ಒಲ್ಲೆರಿ."

ಲಾಲಪ್ಪ ಅಷ್ಟೊತ್ತಿಗಿ ಬಂದು ಬಾಗಲದಾಗ ನಿಂತಿದ್ದ. ಆಕಿ ಚಾ ಮಾಡಿದಳು. ಕುಡದೀವಿ. ಸಕ್ಕರಿ ಬರಾಬರ್ ಆಗ್ಯಾದೇನ್ರಿ ಅಂತ ಕೇಳಿದಳು, ಆಗ್ಯಾದ ಅಂದ ತುಳಜಾರಾಮ. ಬಸ್ಸಿನ ಹೊತ್ತಾತು ಅಂತ ಎದ್ದೀವಿ. ಆಕಿ ರಸ್ತಾ ತನಕ ಬಂದು ನಿಂತಳು. ಬಸ್ಸು ತಿರುಗೋತನ ಅಲ್ಲೇ ನಿಂತಿದ್ದಳು, ನಾ ಹೊಳ್ಳಿ ನೋಡಿದೆ. ತುಳಜಾರಾಮ ನೋಡಲಿಲ್ಲ.

ನಾ ಹಾದಿ ತುಂಬ ಬಡಬಡಸ್ಕೋತ ಬಂದೆ. ಇನ್ನೊಮ್ಮೆ ಹೋಗೋಣು, ಲಾಲಪ್ಪಗ ಹೇಳಸೋಣು, ಹೆಂಗಸರ ಮನಸು ನಾಕು ದಿನಕ್ಕ ಕರಗತದ ಅಂತ ಏನೇನೋ ಹೇಳಿದೆ. ಅವ ಕಿಡಕಿ ಹೊರಗ ನೋಡ್ಕೋತ ಕುಂತಿದ್ದ. ಹುಮನಾಬಾದ ಹತ್ತರ ಬಂದಾಗ ನನ್ನ ಕಡಿ ತಿರುಗಿದ. ಕಣ್ಣಾಗ ನೀರಿರಲಿಲ್ಲ.

"ಸುಮ್ಮಿರಕ್ಕ" ಅಂದ. "ಒಲ್ಲೆ ಅಂದ್ರ ಹ್ಯಾಂಗ ಇರ್ತದಂತ ನನಗ ಇವತ್ತು ಗೊತ್ತಾತು. ಆವತ್ತು ಆಕಿ ಹುಟ್ಟು ಹೊಳ್ಳಿ ನನ್ನ ಕೈಯಾಗ ಇಟ್ಟಾಗ ನಕ್ಕಿದ್ದಳಲ್ಲಕ್ಕ."